ದೇವರ ಮೇಲೆ ಭಾರ ಹಾಕುವುದೆಂದರೆ

ಕಷ್ಟ ಬಂದಾಗ ದೇವರ ಮೇಲೆ ಭಾರ ಹಾಕಬೇಕೆಂಬ ಮಾತು ನಮ್ಮ ನಾಡಿನಲ್ಲಿ ಎಲ್ಲ ಮತದವರ ಬಾಯಲ್ಲಿಯೂ ಇದೆ. ಇಸ್ಲಾಂ ಧರ್ಮದಲ್ಲಿ ಇದಕ್ಕೆ ‘ತವಕ್ಕುಲ್’ ಎಂದು ಹೆಸರು. ಇದು ಕೈಲಾಗದವರ ಸಮಾಧಾನವೆಂದು ಮೂಗು ಮುರಿಯುವವರು ನಮ್ಮ ವಿದ್ಯಾರ್ಥಿಮಿತ್ರರಲ್ಲಿಯೇ ಅನೇಕರಿದ್ದಾರೆ. ಇನ್ನು ಕೆಲವರು ಭಕ್ತಿಯ ಹೆಸರಿನಲ್ಲಿ ಅದೇ ಅರ್ಥವನ್ನು ಮಾಡಿಕೊಂಡು ಕೈಕಟ್ಟಿ ಕುಳಿತಿದ್ದಾರೆ. ಈ ಎರಡು ಪಕ್ಷದವರೂ ತವಕ್ಕುಲ್ಲನ್ನು ಸರಿಯಾಗಿ ತಿಳಿದಿಲ್ಲವೆಂಬುದೇ ನನ್ನ ಅಭಿಪ್ರಾಯ.

ಮೊದಲು ಶಬ್ದವನ್ನೇ ನೋಡೋಣ. ಈ ಶಬ್ದವು ಯಾವ ಅರಬ್ಬೀ ಧಾತುವಿನಿಂದ ಹುಟ್ಟಿದೆಯೋ ಅದೇ ಧಾತುವಿನಿಂದ ಹುಟ್ಟಿದ ‘ವಕೀಲ’ನು ಕನ್ನಡಕ್ಕೂ ಬಂದು ನಮ್ಮ ಕೋರ್ಟುಗಳಲ್ಲಿ ಕರಿಯ ಕೋಟು ತೊಟ್ಟು ನಿಂತಿದ್ದಾನೆ. ‘ವಕಾಲತ್ತು’ ಎಂಬುದೂ ಅದರ ಒಡಹುಟ್ಟು. ದೇವರ 99 ನಾಮಗಳಲ್ಲಿ ‘ಅಲ್-ವಕೀಲ್’ ಎಂಬುದೂ ಒಂದು. ಕ್ರಿ.ಶ. 1111ರಲ್ಲಿ ತೀರಿಕೊಂಡ ಇಮಾಮ್ ಗಜ್ಜಾಲಿಯವರು ಈ ಹೋಲಿಕೆಯನ್ನು ಬಹಳ ಸೊಗಸಾಗಿ ವಿವರಿಸಿದ್ದಾರೆ. ಕಕ್ಷಿಗಾರನು ವಕೀಲನನ್ನು ಸಂಪೂರ್ಣವಾಗಿ ನಂಬುತ್ತಾನೆ; ಹಾಗೆಂದು ವಕೀಲನು ತರಹೇಳಿದ ದಾಖಲೆಗಳನ್ನು ತರದೆ ಮನೆಯಲ್ಲಿ ಮಲಗಿದರೆ ಅದು ನಂಬಿಕೆಯೆನಿಸುವುದಿಲ್ಲ. ಮುಂದಿಟ್ಟ ಅನ್ನಕ್ಕೆ ಕೈ ಚಾಚದೆ ದೇವರೇ ಉಣಿಸಲೆಂದು ಕಾಯುವವನಿಗೆ ಬುದ್ಧಿ ಕೆಟ್ಟಿದೆಯೆಂದೇ ಅವರ ತೀರ್ಮಾನ.

ಒಂಟೆಯನ್ನು ಕಟ್ಟಿ ದೇವರನ್ನು ನಂಬಲೋ, ಬಿಟ್ಟು ನಂಬಲೋ ಎಂದು ಒಬ್ಬನು ಕೇಳಿದಾಗ, ಮೊದಲು ಕಟ್ಟಿ ಅನಂತರ ನಂಬೆಂದು ಪೈಗಂಬರ್ ಮುಹಮ್ಮದರು (ಸ.) ಹೇಳಿದರೆಂಬ ವರದಿಯು ತಿರ್ಮಿದಿಯವರ ಸಂಗ್ರಹದಲ್ಲಿದೆ. ಯಮನ್ ದೇಶದ ಕೆಲವರು ತಾವು ದೇವರನ್ನೇ ನಂಬಿದವರೆಂದು ಬುತ್ತಿಯಿಲ್ಲದೆ ಹಜ್ ಯಾತ್ರೆಗೆ ಹೊರಟು, ಮಕ್ಕಾ ಮುಟ್ಟಿದ ಮೇಲೆ ಜನರ ಮುಂದೆ ಕೈಯೊಡ್ಡುತ್ತಿದ್ದರಂತೆ. ಬುತ್ತಿ ಕಟ್ಟಿಕೊಂಡು ಹೊರಡಬೇಕೆಂಬ ಆಜ್ಞೆ ಕುರಾನಿನಲ್ಲಿ ಬಂದದ್ದು ಈ ಸಂದರ್ಭದಲ್ಲಿಯೇ. ಇಂಥ ಯಾತ್ರಿಕರು ಎಲ್ಲ ಕಾಲಕ್ಕೂ, ಎಲ್ಲ ಧರ್ಮಗಳಲ್ಲಿಯೂ ಇರತಕ್ಕವರೇ!

ಕ್ರಿ.ಶ. 622ರ ಹಿಜರತ್ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮಕ್ಕಾದಲ್ಲಿ ಪೈಗಂಬರರನ್ನು ಕೊಲ್ಲಲು ಸಂಚು ನಡೆದಿತ್ತು. ಅವರು ಅಂದು ರಾತ್ರಿ ತಮ್ಮ ಹಾಸಿಗೆಯಲ್ಲಿ ಅಲಿಯವರನ್ನು ಮಲಗಿಸಿದರು. ಮದೀನಾ ಇರುವುದು ಉತ್ತರಕ್ಕೆ. ಅವರು ಹೋದದ್ದು ದಕ್ಷಿಣದ ಸೌರ್ ಬೆಟ್ಟದ ಗುಹೆಗೆ. ಅಬೂಬಕರರ ಮಗನು ಹಗಲೆಲ್ಲ ಊರಿನ ಸುದ್ದಿ ಕೇಳಿಕೊಂಡು ರಾತ್ರಿ ಬಂದು ತಿಳಿಸುತ್ತಿದ್ದನು. ಆಮಿರ್ ಎಂಬ ಕುರಿಗಾಹಿಯು ಮಂದೆಯನ್ನು ಅತ್ತ ಹೊಡೆದುಕೊಂಡು ಬಂದು ಹಾಲು ಕೊಡುತ್ತಿದ್ದನು. ಕುರಿಗಳ ತುಳಿತದಿಂದ ಹೆಜ್ಜೆಯ ಗುರುತುಗಳೂ ಅಳಿಯುತ್ತಿದ್ದುವು. ದಾರಿ ತೋರಿಸಲು ಗೊತ್ತುಮಾಡಿದ್ದವನು ಮುಸ್ಲಿಮನೇ ಅಲ್ಲ. ಆದರೆ ಮರುಭೂಮಿಯನ್ನು ಬಲ್ಲವನು. ಇಷ್ಟೆಲ್ಲ ಏರ್ಪಾಡಿದ್ದರೂ ಬೆನ್ನಟ್ಟಿದವರು ಗುಹೆಯ ಬಾಯಿಗೇ ಬಂದುಬಿಟ್ಟರು. ಬಗ್ಗಿ ನೋಡಿದರೆ ಸಿಕ್ಕಿಬೀಳುತ್ತೇವೆಂದು ಅಬೂಬಕರರು ಕಳವಳಪಟ್ಟರು. ದುಃಖಿಸಬೇಡ, ದೇವರು ನಮ್ಮೊಡನಿದ್ದಾನೆಂದು ಪೈಗಂಬರರು ಸಂತೈಸಿದರು. ಮನುಷ್ಯನ ಏರ್ಪಾಡೆಲ್ಲ ಮುಗಿದ ಆ ಗಳಿಗೆಯಲ್ಲಿಯೂ ಅವರ ಮನಸ್ಸು ಅಲುಗಲಿಲ್ಲ. ಏಕೆಂದರೆ ಅವರು ಏರ್ಪಾಡುಗಳನ್ನು ಮಾಡಿದ್ದರೇ ಹೊರತು ಅವುಗಳನ್ನು ನಂಬಿರಲಿಲ್ಲ. ದೇವರೊಬ್ಬನನ್ನೇ ನಂಬುವುದೆಂಬ ಮಾತಿನ ತಿರುಳು ಇಲ್ಲಿದೆಯೆಂದು ನನಗೆ ತೋರುತ್ತದೆ.

ಕ್ರಿ.ಶ. 639ರ ಸುಮಾರಿಗೆ ಸಿರಿಯಾದಲ್ಲಿ ಮಹಾಮಾರಿ ಹಬ್ಬಿದಾಗ, ಅತ್ತ ಹೊರಟಿದ್ದ ಖಲೀಫ ಉಮರರು ದಾರಿಯಿಂದಲೇ ಹಿಂದಿರುಗಲು ನಿಶ್ಚಯಿಸಿದರು. ದೇವರ ವಿಧಿಯಿಂದ ಓಡಿಹೋಗುವಿರಾ ಎಂದು ಸೇನಾಪತಿ ಅಬೂ ಉಬೈದರು ಕೇಳಿದರು. ಹೌದು, ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಗೆ ಎಂಬುದಾಗಿ ಉಮರರ ಉತ್ತರ. ಕಣಿವೆಯ ಒಂದು ಮಗ್ಗುಲಲ್ಲಿ ಹಸುರು, ಇನ್ನೊಂದರಲ್ಲಿ ಬರಡು ನೆಲವಿದ್ದರೆ ಒಂಟೆಗಳನ್ನು ಹಸುರಿನತ್ತ ಹೊಡೆಯುವುದೂ ದೇವರ ವಿಧಿಯೇ ಅಲ್ಲವೆ ಎಂದು ಅವರು ಕೇಳಿದರು.

ಇದನ್ನೆಲ್ಲ ನಾನು ಹೇಳುವುದಕ್ಕೆ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಮಂಡಿಯಲ್ಲಿ ಮೂಟೆ ಹೊರುವ ಹಮಾಲರು. ಎರಡನೆಯ ವರ್ಷದಲ್ಲಿ ಅವರ ಸೊಂಟಕ್ಕೆ ಪೆಟ್ಟಾಗಿ ಮೂರು ತಿಂಗಳು ಕೆಲಸವಿರಲಿಲ್ಲ. ಓದನ್ನು ಬಿಡಿಸಿ ಮಗನನ್ನು ಅಂಗಡಿಗೆ ಸೇರಿಸಿ, ಮುಂದಿನದನ್ನು ಅಲ್ಲಾಹನಿಗೆ ಬಿಡಿರೆಂದು ಬಂಧುಗಳು ಬುದ್ಧಿ ಹೇಳಿದರು. ತಂದೆಯವರು, “ಅಲ್ಲಾಹನಿಗೆ ಬಿಟ್ಟಿದ್ದೇನೆ, ಅದಕ್ಕೇ ಇವನು ಓದಲಿ” ಎಂದರು. ಮರುದಿನ ನನ್ನನ್ನು ವಿದ್ಯಾರ್ಥಿವೇತನದ ಅರ್ಜಿ ಬರೆಯಲು ಕೂಡಿಸಿದರು. ಮೂಟೆ ಹೊರಲಾಗದಿದ್ದರೂ ಮಂಡಿಗೆ ಹೋಗಿ ಲೆಕ್ಕದ ಚೀಟಿಗಳನ್ನು ಕಾಯುವ ಕೆಲಸವನ್ನು ಕೇಳಿಕೊಂಡು ಬಂದರು. ಅಕ್ಷರ ಬಾರದವರಿಗೆ ಅದು ಸುಲಭದ ಕೆಲಸವಲ್ಲ. ರಾತ್ರಿ ನಾನು ಚೀಟಿಗಳನ್ನು ಓದಿ ಹೇಳುತ್ತಿದ್ದೆನು.

ಆ ದಿನಗಳಲ್ಲಿಯೇ ಅವರು ನನಗೆ ಹಾಜರಾ ತಾಯಿಯ ಕಥೆಯನ್ನು ಹೇಳಿದ್ದು. ನೀರಿಲ್ಲದ ಕಣಿವೆಯಲ್ಲಿ ಹಸುಗೂಸಿನೊಡನೆ ಉಳಿದ ಆಕೆ, ದೇವರು ಕೈಬಿಡಲಾರನೆಂದು ನಂಬಿಯೂ ಸಫಾ ಮರ್ವಾ ಬೆಟ್ಟಗಳ ನಡುವೆ ಏಳು ಸಲ ಓಡಿದಳು. ನೀರು ಚಿಮ್ಮಿದ್ದು ಆಕೆ ಓಡಿದ ಕಡೆಯಲ್ಲಿ ಅಲ್ಲ, ಮಗು ಮಲಗಿದ್ದ ಕಡೆಯಲ್ಲಿ. ಆದರೂ ಹಜ್ಜಿಗೆ ಹೋದವರು ಇಂದಿಗೂ ಆ ಓಟವನ್ನು ಏಳು ಸಲ ಮಾಡುತ್ತಾರೆ. ನೀರು ಅಲ್ಲಿ ಬಾರದಿದ್ದ ಮೇಲೆ ಓಡಿದ್ದೇಕೆಂದು ನಾನು ಕೇಳಿದೆನು. “ಮಗು ಅಳುತ್ತಿರುವಾಗ ಕುಳಿತಿರಲು ಆಗುತ್ತದೆಯೇನೋ?” ಎಂದು ತಂದೆಯವರು ನನ್ನನ್ನೇ ಕೇಳಿದರು.