ನೀರು ನಡೆಸಿ ನೆಲ ಮಾಡಿದ ದ್ವೀಪ: ಮದೀರಾ

ಅಟ್ಲಾಂಟಿಕ್ ಮಹಾಸಾಗರದಲ್ಲಿ, ಲಿಸ್ಬನ್ ನಗರದಿಂದ ನೈಋತ್ಯಕ್ಕೆ ಸಾವಿರ ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿ, ಸಮುದ್ರಗರ್ಭದ ಜ್ವಾಲಾಮುಖಿಗಳು ಮೇಲೆತ್ತಿ ನಿಲ್ಲಿಸಿದ ಮದೀರಾ ದ್ವೀಪದಲ್ಲಿ ಸಮತಲವಾದ ನೆಲವೆಂಬುದು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಉದ್ದದಲ್ಲಿ ಸುಮಾರು 57 ಕಿಲೋಮೀಟರು, ಅಗಲದಲ್ಲಿ 22ರ ಆಸುಪಾಸು. ಇಷ್ಟು ಕಿರಿದಾದ ಭೂಮಿಯ ನಟ್ಟನಡುವೆ ಪಿಕು ರುಯಿವು ಶಿಖರ 1862 ಮೀಟರ್ ಎತ್ತರಕ್ಕೆ ಎದ್ದು ನಿಂತಿರುವುದರಿಂದ, ಕಡಲ ತಡಿಯಿಂದ ಹೊರಟ ಪ್ರತಿಯೊಂದು ರಸ್ತೆಯೂ ಒಡನೆಯೇ ಏರತೊಡಗುತ್ತದೆ. ವಿಮಾನ ಇಳಿಯುವುದಕ್ಕೆ ಬೇಕಾದಷ್ಟು ಬಯಲು ಸಹ ಇಲ್ಲಿ ದೊರೆಯದೆ, 2000ನೆಯ ಇಸವಿಯಲ್ಲಿ ಓಡುಹಾದಿಯನ್ನು ಕಡಲಂಚಿನಲ್ಲಿ ಎತ್ತರವಾದ ಕಾಂಕ್ರೀಟು ಕಂಬಗಳ ಮೇಲೆ ಚಾಚಿ ಉದ್ದಗೊಳಿಸಬೇಕಾಯಿತು.

ರಜೆಯ ಮೊದಲ ದಿನಗಳನ್ನು ನಾನೂ ನನ್ನ ಪತ್ನಿಯೂ ದಕ್ಷಿಣ ತೀರದ ರಾಜಧಾನಿಯಾದ ಫುಂಶಾಲಿನಲ್ಲಿ ಕಳೆದೆವು. ಅರ್ಧವೃತ್ತಾಕಾರದ ಕೊಲ್ಲಿಯನ್ನು ಸುತ್ತುವರಿದ ಬೆಟ್ಟಗಳ ಮೈಮೇಲೆ ಬಿಳಿಗೋಡೆಯ, ಕೆಂಪು ಹೆಂಚಿನ ಮನೆಗಳು ಮೋಡದ ಅಂಚಿನವರೆಗೂ ಹತ್ತಿಹೋಗಿರುವ ಈ ಊರು ಐರೋಪ್ಯ ಯಾತ್ರಿಕರಿಗೆ ಬಹುಕಾಲದಿಂದ ಪರಿಚಿತವಾದುದು. ನಮಗೆ ಮಾತ್ರ ಅದರ ಮಹಾದೇವಾಲಯದ ಚರಿತ್ರೆಯೇ ಆತ್ಮೀಯವಾಗಿ ಕಂಡಿತು. 1514ರಲ್ಲಿ ಪೋಪರು ಇಲ್ಲಿ ಧರ್ಮಪ್ರಾಂತವನ್ನು ಸ್ಥಾಪಿಸಿ, ಪೋರ್ಚುಗೀಸರು ಕಡಲಾಚೆ ಹಿಡಿದಿದ್ದ ನಾಡುಗಳೆಲ್ಲವನ್ನೂ ಅದರ ಅಧಿಕಾರಕ್ಕೆ ಒಪ್ಪಿಸಿದ್ದರಿಂದ, 1534ರಲ್ಲಿ ಗೋವೆಗೆ ತನ್ನದೇ ಆದ ಧರ್ಮಪ್ರಾಂತ ದೊರೆಯುವವರೆಗೆ, ನಮ್ಮ ಕರಾವಳಿಯ ನೆರೆಯಲ್ಲಿರುವ ಆ ಪಟ್ಟಣದ ಇಗರ್ಜಿಗಳು ಮಹಾಸಾಗರಗಳ ಆಚೆಯ ಈ ಪುಟ್ಟ ಗುಡ್ಡನಾಡಿಗೆ ಅಧೀನವಾಗಿದ್ದವು. ದೇವದಾರು ಮರದ ಕೆತ್ತನೆಯ ಸೂರಿನ ಕೆಳಗೆ ಕುಳಿತು ಇದನ್ನು ನೆನೆದಾಗ, ದೂರವೆಂಬುದರ ಅಳತೆ ಆ ಕಾಲದ ನಾವಿಕರಿಗೂ ನಮಗೂ ಒಂದೇ ಆಗಿರಲಿಲ್ಲವೆಂಬುದು ಮನಸ್ಸಿಗೆ ನಾಟಿತು.

ನಗರದ ಮೇಲಣ ಮೊಂತಿ ಎಂಬ ಬೆಟ್ಟದೂರಿಗೆ ತೂಗುತೊಟ್ಟಿಲಲ್ಲಿ ಏರಿಹೋಗಬಹುದು. ಅಲ್ಲಿಯ ಇಗರ್ಜಿಯಲ್ಲಿ ಆಸ್ಟ್ರಿಯಾದ ಕೊನೆಯ ಚಕ್ರವರ್ತಿ ಕಾರ್ಲನ ಸಮಾಧಿಯಿದೆ. ಸಿಂಹಾಸನವನ್ನು ಕಳೆದುಕೊಂಡು 1921ರಲ್ಲಿ ಈ ದ್ವೀಪಕ್ಕೆ ಗಡೀಪಾರಾಗಿ ಬಂದ ಆತ, ಮಂಜು ಮುಸುಕಿದ ಈ ಎತ್ತರದ ಮನೆಯೊಂದರಲ್ಲಿ ಶ್ವಾಸಕೋಶದ ಜ್ವರಕ್ಕೆ ತುತ್ತಾಗಿ 1922ರ ಏಪ್ರಿಲ್ 1ರಂದು, ಇನ್ನೂ ಮೂವತ್ತೈದು ತುಂಬದ ವಯಸ್ಸಿನಲ್ಲಿ, ತೀರಿಕೊಂಡನು. ಇಗರ್ಜಿಯ ಮೆಟ್ಟಿಲುಗಳ ಬುಡದಿಂದ, ಬೆತ್ತದಂಥ ಕಡ್ಡಿಯಲ್ಲಿ ಹೆಣೆದ ಜಾರುಬಂಡಿಗಳು ಯಾತ್ರಿಕರನ್ನು ಹೊತ್ತು ಇಳಿಜಾರು ರಸ್ತೆಯಲ್ಲಿ ಹೊರಡುತ್ತವೆ. ಬಿಳಿಯ ಉಡುಪು ತೊಟ್ಟ ಇಬ್ಬರು ಹಗ್ಗ ಹಿಡಿದು ಹಿಂದಿನಿಂದ ನಡೆಸುವ ಈ ವಾಹನಕ್ಕೆ ಅವರ ಪಾದರಕ್ಷೆಯ ರಬ್ಬರು ಅಟ್ಟೆಯೇ ಬಿರಿ. ಪೇಟೆಯಲ್ಲಿ ಆಳಸಮುದ್ರದ ಕಪ್ಪು ಮೀನನ್ನು ಬಾಳೆಹಣ್ಣಿನೊಡನೆ ಹುರಿದು ಬಡಿಸುವುದು ಪ್ರಸಿದ್ಧ. ಶಾಕಾಹಾರಿಗಳಾದ ನಮಗೆ ಗೆಣಸು ಬೆರೆಸಿದ ಹಿಟ್ಟನ್ನು ಕಾದ ಕಲ್ಲಿನ ಮೇಲೆ ಸುಟ್ಟು ಬೆಳ್ಳುಳ್ಳಿ ಬೆಣ್ಣೆ ಸವರಿ ಕೊಡುವ ದುಂಡನೆಯ ರೊಟ್ಟಿ ಸಾಕಾಯಿತು.

ಆದರೆ ಮದೀರಾ ತನ್ನ ನಿಜರೂಪವನ್ನು ತೋರುವುದು ಲೆವಾದಗಳೆಂಬ ನೀರಿನ ಕಾಲುವೆಗಳ ಬಳಿಯಲ್ಲಿ. ದ್ವೀಪದ ಉತ್ತರ ಪಾರ್ಶ್ವಕ್ಕೆ ಅಟ್ಲಾಂಟಿಕ್ ಮಾರುತಗಳು ಮಳೆಯನ್ನೂ ಮಂಜನ್ನೂ ಯಥೇಚ್ಛವಾಗಿ ತರುತ್ತವೆ. ದಕ್ಷಿಣ ಪಾರ್ಶ್ವಕ್ಕೆ ಬಿಸಿಲೇ ಹೆಚ್ಚು. ನೀರಿರುವ ಕಡೆ ಬಿಸಿಲಿಲ್ಲ, ಬಿಸಿಲಿರುವ ಕಡೆ ನೀರಿಲ್ಲ. 1419ರಿಂದೀಚೆಗೆ, ನಾವಿಕ ಜಾರ್ಕುವಿನ ಕಾಲದಲ್ಲಿ, ಇಲ್ಲಿ ನೆಲೆಯೂರಿದ ಪೋರ್ಚುಗೀಸರು ದಕ್ಷಿಣದ ಕಾಡನ್ನು ಸುಟ್ಟು ಕಬ್ಬು ನೆಟ್ಟರು. ಆ ಬೆಂಕಿ ಏಳು ವರ್ಷ ಉರಿಯಿತೆಂದು ಐತಿಹ್ಯವುಂಟು. ಕಬ್ಬಿಗೆ ನೀರು ಬೇಕಾಗಿ, ಉತ್ತರದ ತೊರೆಗಳನ್ನು ಬೆಟ್ಟದ ಮೈಯುದ್ದಕ್ಕೂ ಅತ್ಯಲ್ಪವಾದ ಇಳಿಜಾರಿನಲ್ಲಿ ಬಳಸಿ ತರುವ ಕಾಲುವೆಗಳು ಹುಟ್ಟಿದವು. ಅವುಗಳನ್ನು ಕಡಿದವರಲ್ಲಿ ಆಫ್ರಿಕಾದಿಂದಲೂ ಕನೇರಿ ದ್ವೀಪಗಳಿಂದಲೂ ಹಿಡಿದು ತಂದ ಗುಲಾಮರಿದ್ದರು. ಕಡಿದಾದ ಬಂಡೆಯ ಮುಖದಲ್ಲಿ ಬುಟ್ಟಿಗಳೊಳಗೆ ತೂಗಾಡುತ್ತ ಕಲ್ಲನ್ನು ಕೆತ್ತಿದವರ ಕಥೆಯನ್ನು ಇಂದಿಗೂ ಇಲ್ಲಿಯವರು ಹೇಳುತ್ತಾರೆ. ಹದಿನೈದನೆಯ ಶತಮಾನದ ಕೊನೆಗೆ ಯೂರೋಪಿನ ಶ್ರೀಮಂತರ ಪಾತ್ರೆಗಳಿಗೆ ಸಕ್ಕರೆ ಒದಗಿಸಿದ ಪ್ರಮುಖ ನೆಲ ಇದೇ. ಆ ಸಕ್ಕರೆಗೆ ಬದಲಾಗಿ ಬಂದ ಫ್ಲೆಮಿಶ್ ವರ್ಣಚಿತ್ರಗಳು ಫುಂಶಾಲಿನ ಧಾರ್ಮಿಕ ಕಲೆಯ ಸಂಗ್ರಹಾಲಯದಲ್ಲಿವೆ. ಆ ಚಿತ್ರಗಳ ಮುಂದೆ ನಿಂತವರು ಅವುಗಳ ಬೆಲೆ ತೆತ್ತ ಬೆನ್ನುಗಳನ್ನೂ ನೆನೆಯಬೇಕೆಂಬುದು ನನ್ನ ಅಭಿಮತ. ಮುಂದೆ ಬ್ರೆಜಿಲ್ಲಿನ ಅಗ್ಗದ ಸಕ್ಕರೆಯೆದುರು ಮದೀರಾದ ಕಬ್ಬು ಸೋತು, ದ್ರಾಕ್ಷಿಯೂ ಆಮೇಲೆ ಬಾಳೆಯೂ ಅದರ ಸ್ಥಾನವನ್ನು ಆಕ್ರಮಿಸಿದವು. ಬೆಳೆ ಬದಲಾಯಿತೇ ಹೊರತು ಕಾಲುವೆಗಳು ಉಳಿದವು, ಬೆಳೆದವು. 1940ರ ದಶಕದಿಂದೀಚೆಗೆ ಸರ್ಕಾರವೇ ಕೈಯಿಟ್ಟು ಕೃಷಿಗೂ ವಿದ್ಯುತ್ತಿಗೂ ಒದಗುವ ದೊಡ್ಡ ಲೆವಾದಗಳನ್ನು ಕಟ್ಟಿಸಿತು. ಎಲ್ಲವನ್ನೂ ಕೂಡಿಸಿದರೆ ಅವುಗಳ ಉದ್ದ ಸಾವಿರ ಕಿಲೋಮೀಟರುಗಳನ್ನು ಮೀರುತ್ತದೆ.

ನಾವು ನಡೆದುದು ಸಾಂತಾನ ಊರಿನ ಮೇಲಿರುವ ಕೈಮಾದಾಸ್ ವನದಿಂದ ಕಾಲ್ದೈರಾವ್ ವೆರ್ದೆ ಜಲಪಾತದವರೆಗೆ, ಆರೂವರೆ ಕಿಲೋಮೀಟರು, ಅಷ್ಟೇ ಹಿಂದಿರುಗುವ ದಾರಿ. ಕಾಲುವೆ ಮೊಳದಗಲಕ್ಕಿಂತ ಹೆಚ್ಚಿಲ್ಲ. ಹಸಿರು ಪಾಚಿ ಕಟ್ಟಿದ ಅದರ ಕಲ್ಲಿನ ಅಂಚಿನೊಳಗೆ ನೀರು ಕನ್ನಡಿಯಂತೆ ತಿಳಿಯಾಗಿ, ಆತುರವಿಲ್ಲದೆ ಎದುರಿನಿಂದ ಹರಿದು ಬರುತ್ತದೆ. ಪಕ್ಕದ ಕಾಲುದಾರಿ ಕೆಲವೆಡೆ ಇಬ್ಬರು ಒಟ್ಟಿಗೆ ನಡೆಯಲಾಗದಷ್ಟು ಇಕ್ಕಟ್ಟು, ಅದರಾಚೆ ತಂತಿಯ ತಡೆ, ತಂತಿಯಾಚೆ ಪ್ರಪಾತ. ಲಾರೆಲ್ ಜಾತಿಯ ನಿತ್ಯಹರಿದ್ವರ್ಣ ವೃಕ್ಷಗಳು ಮೇಲೆ ಚಪ್ಪರವಾಗಿವೆ. ಬಹು ಹಿಂದಿನ ಯುಗದಲ್ಲಿ ದಕ್ಷಿಣ ಯೂರೋಪನ್ನೆಲ್ಲ ಆವರಿಸಿ, ಹವೆ ಬದಲಾದಾಗ ಅಲ್ಲಿ ಅಳಿದು, ಈ ದ್ವೀಪದಲ್ಲಿ ಸುಮಾರು 15,000 ಹೆಕ್ಟೇರಿನಷ್ಟು ಉಳಿದುಕೊಂಡ ಈ ಅರಣ್ಯವನ್ನು ಯುನೆಸ್ಕೊ 1999ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎಲೆಗಳು ಮಂಜನ್ನು ಹಿಡಿದು ಹನಿಯಾಗಿಸಿ ನೆಲಕ್ಕೆ ಇಳಿಸುತ್ತವೆ. ಲೆವಾದದ ಬಂಡವಾಳ ಈ ಹನಿಗಳೇ. ವಿಶ್ರಮಿಸಲು ಕುಳಿತಾಗ ಪುಟ್ಟ ಫಿಂಚ್ ಹಕ್ಕಿಯೊಂದು ನಿರ್ಭಯವಾಗಿ ನನ್ನ ಪತ್ನಿಯ ಪಾದದ ಬಳಿಗೇ ಬಂದು ರೊಟ್ಟಿಯ ಚೂರುಗಳನ್ನು ಆಯ್ದುಕೊಂಡಿತು.

ಹಾದಿಯಲ್ಲಿ ನಾಲ್ಕು ಸುರಂಗಗಳಿವೆ. ದೀಪವಿಲ್ಲ, ತಲೆ ಬಗ್ಗಿಸಿ, ಟಾರ್ಚಿನ ಬೆಳಕಿನಲ್ಲಿ, ಸೂರಿನಿಂದ ಹನಿ ಬೀಳುತ್ತಿರಲು ನೀರಿನ ಸದ್ದನ್ನೇ ಅನುಸರಿಸಿ ಸಾಗಬೇಕು. ಪುತ್ತೂರಿನ ಕಡೆಯ ಅಡಿಕೆ ಕೃಷಿಕರ ಮನೆತನದಲ್ಲಿ ಹುಟ್ಟಿದ ನನ್ನ ಪತ್ನಿ ಒಳಗೆ ಹೊಕ್ಕೊಡನೆ ನಿಂತು, “ನಮ್ಮ ಅಜ್ಜನ ಮನೆಯ ಸುರಂಗದ್ದೇ ವಾಸನೆ ಇದು” ಎಂದಳು. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು, ಒಳಗಿನ ಒರತೆಯನ್ನು ತೋಟಕ್ಕೆ ಹರಿಸುವ ಆ ಸುರಂಗಗಳನ್ನು ತೋಡಿದವರ ಹೆಸರು ಯಾವ ಫಲಕದಲ್ಲೂ ಇಲ್ಲ, ಇಲ್ಲಿಯೂ ಅಷ್ಟೆ. ದಾರಿಯ ಕೊನೆಯಲ್ಲಿ ನೂರು ಮೀಟರಿನಷ್ಟು ಎತ್ತರದಿಂದ ಹಸಿರು ಮಡುವಿಗೆ ಧುಮುಕುವ ಜಲಪಾತ ರಮಣೀಯವಾದುದು, ಸಂದೇಹವಿಲ್ಲ. ಆದರೂ ಕೇಳುವವರಿಗೆ ನಾನು ಮೊದಲು ಹೇಳುವುದು ಆ ಸುರಂಗಗಳನ್ನೇ.

ದಕ್ಷಿಣದ ಇಳಿಜಾರಿನಲ್ಲಿ ಈ ನೀರಿನ ಕೊನೆಯ ಗತಿಯನ್ನೂ ನೋಡಿದೆವು. ಕರಿಯ ಕಲ್ಲಿನ ಗೋಡೆ ಕಟ್ಟಿ ಮಣ್ಣು ತುಂಬಿಸಿದ ಮೆಟ್ಟಿಲುಗದ್ದೆಗಳಲ್ಲಿ ಬಾಳೆ, ಬಳ್ಳಿ, ತರಕಾರಿ. ಕೆಲವು ಮನೆಯ ಅಂಗಳಕ್ಕಿಂತಲೂ ಕಿರಿದು. ಪ್ರತಿಯೊಬ್ಬ ರೈತನಿಗೂ ಸರದಿಯ ಪ್ರಕಾರ ನೀರಿನ ಗಳಿಗೆ ಗೊತ್ತಾಗಿರುತ್ತದೆ; ಆ ಗಳಿಗೆ ನಡುರಾತ್ರಿಯಲ್ಲಿ ಬಂದರೂ ಎದ್ದು ಹೋಗಬೇಕು. ಕಾಲುವೆಗಳ ಹೂಳೆತ್ತುತ್ತ, ಬಿದ್ದ ಕೊಂಬೆಗಳನ್ನು ಸರಿಸುತ್ತ, ತೂಬುಗಳನ್ನು ತೆರೆದು ಮುಚ್ಚುತ್ತ ನಡೆಯುವ ನೀರಗಂಟಿ ಇಲ್ಲಿಯೂ ಉಂಟು. ಗದ್ದೆಯೊಂದರ ಬದಿಯಲ್ಲಿ ವೃದ್ಧನೊಬ್ಬ ಕಾಲುವೆಯ ಕಂಡಿಗೆ ಒತ್ತಿದ್ದ ಕಲ್ಲನ್ನೂ ಚಿಂದಿಬಟ್ಟೆಯನ್ನೂ ಕಿತ್ತು, ಗುದ್ದಲಿಯಿಂದ ಮಡೆ ತಿರುವಿ, ನೀರು ಬಾಳೆಯ ಬುಡವನ್ನು ಮುಟ್ಟಿತೆಂಬುದನ್ನು ಬಗ್ಗಿ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ನಮ್ಮ ನಮಸ್ಕಾರಕ್ಕೆ ತಲೆದೂಗಿದನು.

ಹೋಗಬಯಸುವವರಿಗೆ ಎರಡು ಮಾತು. ಭೂಕುಸಿತದಿಂದಲೂ ಕಾಳ್ಗಿಚ್ಚಿನಿಂದಲೂ ದಾರಿಗಳು ಆಗಾಗ ಮುಚ್ಚುವುದುಂಟಾಗಿ, ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಅಧಿಕೃತ ಕಾಲುದಾರಿಗಳಿಗೆ ಹೊರಗಿನವರು ಈಗ ಶುಲ್ಕ ತೆರಬೇಕಾಗಿದೆ, ಅದನ್ನು ಮನಸಾರೆ ತೆರಿರಿ. ಟಾರ್ಚು, ಮಳೆಯಂಗಿ, ಜಾರದ ಅಟ್ಟೆಯ ಪಾದರಕ್ಷೆ ಅವಶ್ಯವಾಗಿ ಇರಲಿ. ಕಾಲುವೆಯ ನೀರಿಗೆ ಕಾಲಿಡಬೇಡಿ, ಏನನ್ನೂ ಎಸೆಯಬೇಡಿ; ಕೆಳಗೆ ಯಾರೋ ತಮ್ಮ ಸರದಿಗಾಗಿ ಕಾದಿರುತ್ತಾರೆ. ಇಕ್ಕಟ್ಟಿನ ಜಾಗದಲ್ಲಿ ಗುದ್ದಲಿ ಹೊತ್ತವನು ಎದುರಾದರೆ, ಬಂಡೆಗೆ ಒತ್ತಿ ನಿಂತು ಮೊದಲು ಅವನಿಗೆ ದಾರಿ ಬಿಡಿ.