ಶಾಸನಗಳ ಪಟ್ಟಿ: ಯಾವ ಕ್ರಮದಲ್ಲಿ?

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಗೊಂಡಿವೆ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು 1939ರಲ್ಲಿ ಪ್ರಕಟಿಸಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟವಾದರೋ ರಾಜವಂಶಗಳನ್ನು ಹಿಡಿದು ಸಾಗುತ್ತದೆ. ಪಾಲಕೋಡ್ ಮೈಸೂರಿಗೆ ಸೇರದೆ ಸೇಲಂ ಜಿಲ್ಲೆಯಲ್ಲಿದ್ದುದರಿಂದ ಅಲ್ಲಿನ ವಿದ್ಯಾರ್ಥಿಗೆ ಮೊದಲನೆಯ ಕ್ರಮದಿಂದ ಪ್ರಯೋಜನವಿಲ್ಲ. ಎರಡನೆಯದರಲ್ಲಿ ಊರುಗಳು ಅರಸರ ಹಿಂದೆ ಚದುರಿಹೋಗುತ್ತವೆ.

ಅಚ್ಚಾದ ಪುಸ್ತಕಕ್ಕೆ ಒಂದೇ ಕ್ರಮ. ಗಣಕದಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಶಾಸನವೂ ಒಂದು ದಾಖಲೆ. ಊರು, ವಂಶ, ಅರಸ, ಶಕವರ್ಷ ಎಂಬ ಒಂದೊಂದು ವಿವರವೂ ಆ ದಾಖಲೆಯ ಒಂದು ಫೀಲ್ಡ್. ಯಾವ ಫೀಲ್ಡನ್ನು ಹೋಲಿಸಬೇಕೆಂದು ಹೇಳಿದರೆ ಗಣಕವು ದಾಖಲೆಗಳನ್ನು ಎರಡೆರಡಾಗಿ ಹೋಲಿಸುತ್ತ ಸ್ಥಾನ ಬದಲಿಸುತ್ತದೆ. ಸ್ಥಾನ ಬದಲಾಗುವುದು ಇಡೀ ದಾಖಲೆಯದು. ಒಂದು ಅಂಕಣವನ್ನಷ್ಟೇ ಕ್ರಮಗೊಳಿಸಿ ಉಳಿದವನ್ನು ಬಿಟ್ಟರೆ ನೊಳಂಬರ ದಾನ ಹೊಯ್ಸಳರ ಹೆಸರಿಗೆ ಬೀಳುತ್ತದೆ!

ತಗಡೂರು, ಅಂದರೆ ಇಂದಿನ ಧರ್ಮಪುರಿಯ, ಬಸದಿಗೆ ಸಂಬಂಧಿಸಿದ ನೊಳಂಬ ಮಹೇಂದ್ರನ ಕಾಲದ ಕಂಬಶಾಸನವು ಶಕ 815ರದು (ಕ್ರಿ.ಶ. 893). ವರ್ಷವನ್ನು ಸಂಖ್ಯೆಯಾಗಿ ನಮೂದಿಸದೆ ಅಕ್ಷರಗಳಾಗಿ ನಮೂದಿಸಿದರೆ ಗಣಕವು ಮೊದಲ ಅಂಕಿಯನ್ನೇ ನೋಡುತ್ತದೆ. ಎಂಟಕ್ಕಿಂತ ಒಂದು ಚಿಕ್ಕದು. ಆದ್ದರಿಂದ ಶಕ 1039ರ ಶಾಸನ ಇದಕ್ಕಿಂತ ಮೊದಲು ಬಂದು ಕುಳಿತುಕೊಳ್ಳುತ್ತದೆ. ಸಂವತ್ಸರದ ಹೆಸರನ್ನು ನಂಬುವುದು ಇನ್ನೂ ಅಪಾಯ: ಅದು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಅಂಥವುಗಳಿಗೆ ವಿದ್ವಾಂಸರು ಊಹಿಸಿದ ವರ್ಷವನ್ನು ಬೇರೊಂದು ಫೀಲ್ಡ್‌ನಲ್ಲಿಡುವುದು ಲೇಸು. ಶಾಸನ ಹೇಳಿದ್ದೂ ನಾವು ಹೇಳಿದ್ದೂ ಬೆರೆಯಬಾರದು.

ಹಳಗನ್ನಡದ ವಿದ್ಯಾರ್ಥಿಗೆ ಅಕ್ಷರಗಳೂ ತೊಡಕು ತರುತ್ತವೆ. ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ೞಕಾರಕ್ಕೆ ಸಿಕ್ಕಿರುವ ಸ್ಥಾನ ಳಕಾರದ ಪಕ್ಕದಲ್ಲಿಲ್ಲ, ಸ್ವರಚಿಹ್ನೆಗಳೆಲ್ಲ ಮುಗಿದ ಮೇಲೆ. ಸಂಕೇತವನ್ನೇ ಹೋಲಿಸಿದರೆ ‘ಕೞಲ್’ ಎಂಬುದು ‘ಕಾಡು’, ‘ಕೊಡೆ’, ‘ಕ್ರಮ’ ಇವೆಲ್ಲವನ್ನೂ ದಾಟಿ ಕೊನೆಗೆ ಹೋಗುತ್ತದೆ. ನಿಘಂಟಿನ ಕ್ರಮ ಬೇಕಾದರೆ ಆ ಕ್ರಮವನ್ನು ನಾವೇ ತಿಳಿಸಬೇಕು.

ವಂಶವಾರು ಪಟ್ಟಿಯೊಳಗೆ ಕಾಲಕ್ರಮವೂ ಬೇಕೆಂದರೆ ಮೊದಲು ವರ್ಷದಿಂದ, ಆಮೇಲೆ ವಂಶದಿಂದ ಕ್ರಮಗೊಳಿಸಬೇಕು. ಪೈಥಾನ್ ಬಳಸುವ ವಿಧಾನವು ‘ಸ್ಥಿರ’ ಬಗೆಯದು: ವಂಶ ಒಂದೇ ಆಗಿರುವ ದಾಖಲೆಗಳ ಹಿಂದಿನ ಕ್ರಮವನ್ನು ಕದಲಿಸುವುದಿಲ್ಲ.

ಇನ್ನು ಪಾಲಕೋಡಿನ ಪ್ರಶ್ನೆ. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರ್ಪಟ್ಟದ್ದು 1965ರಲ್ಲಿ. ಹಳೆಯ ವರದಿಯಿಂದ ತೆಗೆದ ದಾಖಲೆಯಲ್ಲಿ ‘ಸೇಲಂ’ ಎಂದೂ ಹೊಸತರಲ್ಲಿ ‘ಧರ್ಮಪುರಿ’ ಎಂದೂ ಇದ್ದರೆ, ಜಿಲ್ಲಾವಾರು ಪಟ್ಟಿಯಲ್ಲಿ ನೆರೆಯ ಎರಡು ಕಲ್ಲುಗಳು ದೂರವಾಗುತ್ತವೆ. ವರದಿಯಲ್ಲಿರುವ ಜಿಲ್ಲೆಗೆ ಒಂದು, ಇಂದಿನ ಜಿಲ್ಲೆಗೆ ಇನ್ನೊಂದು ಫೀಲ್ಡ್ ಇಟ್ಟು, ಎರಡನೆಯದರಿಂದ ಕ್ರಮಗೊಳಿಸಿದರೆ ಅವು ಮತ್ತೆ ಒಂದೆಡೆ ಸೇರುತ್ತವೆ.