ಬಯಲುಸೀಮೆಯವರ ಕಡಲ ಪ್ರವಾಸ

ಮಳೆಯನ್ನೇ ನಂಬಿ ಬಾಳುವ ನಮ್ಮ ಸೀಮೆಯವರಿಗೆ ಕಡಲೆಂಬುದು ಎಂದಿಗೂ ಅದ್ಭುತವಸ್ತುವೇ ಸರಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪಟ್ಟಣಗಳಲ್ಲಿ ಯಾವುದಕ್ಕೂ ವರ್ಷವಿಡೀ ಹರಿಯುವ ಹೊಳೆಯ ಭಾಗ್ಯವಿಲ್ಲ. ನಂದಿಯ ಸುತ್ತಣ ಗಿರಿಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೂ ದಕ್ಷಿಣ ಪಿನಾಕಿನಿಯೂ ಮೂಡಣ ಸಮುದ್ರದತ್ತ ಮುಖಮಾಡಿವೆಯಾದರೂ ನಮ್ಮ ಕಣ್ಣಿಗೆ ಅವುಗಳ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿ ಕಾಣುವುದು. ಹಿಂದೆ ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಇಂದು ಆ ಬಾವಿಗಳು ಬತ್ತಿಹೋಗಿವೆ. ಸಾವಿರ ಅಡಿಗೂ ಮಿಗಿಲಾದ ಕೊಳವೆಬಾವಿ ಕುಡಿಯಲು ನೀರು ಕೊಟ್ಟೀತು. ಮಕ್ಕಳಿಗೆ ಈಜು ಕಲಿಸಲಾರದು.

ಇಂಥಾ ನಾಡಿನ ಗೃಹಸ್ಥರು ಈಗ ರಜೆ ಬಂದಿತೆಂದರೆ ಕುಟುಂಬಸಮೇತರಾಗಿ ಕಡಲತೀರಕ್ಕೆ ಹೊರಡುತ್ತಿರುವರು. ತರುಣರಂತೂ ನೀರಿನೊಳಕ್ಕೆ ಮುಳುಗಿ ಹವಳವನ್ನೂ ಮೀನನ್ನೂ ನೋಡಬೇಕೆಂದು ಹಟಹಿಡಿಯುತ್ತಾರೆ. ಆಸೆಯೇನೋ ಒಳ್ಳೆಯದು. ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವಿಮಾನದಲ್ಲಿ ಕುಳಿತ ರಾಮನಿಂದ ಸೀತೆಗೆ ಸಮುದ್ರವನ್ನು ವರ್ಣಿಸಿ ತೋರಿಸಿರುವನಲ್ಲವೆ? ಆದರೆ ತಿಮಿಂಗಿಲಗಳ ವರ್ಣನೆಯನ್ನು ಓದುವುದು ಬೇರೆ, ಅಲೆಗೆ ಎದೆಗೊಡುವುದು ಬೇರೆ. 2024ರ ಡಿಸೆಂಬರ್ ತಿಂಗಳಲ್ಲಿ ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲೆಯ ಪ್ರವಾಸಕ್ಕೆಂದು ಹೋದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಜೀವ ಕಳೆದುಕೊಂಡರು. ಅವರೂ ನಮ್ಮಂಥ ಕೆರೆಬಾವಿಗಳ ನಾಡಿನ ಮಕ್ಕಳೇ. ಆದುದರಿಂದ ಪ್ರವಾಸದ ಸ್ಥಳವನ್ನಾರಿಸುವಾಗ ತಂಗುಮನೆಯ ಬಾಡಿಗೆಯೊಂದನ್ನೇ ನೋಡಿದರೆ ಸಾಲದು. ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ವಿಚಾರಿಸಬೇಕೆಂದು ಹಿರಿಯರು ಹೇಳುವರಷ್ಟೆ. ಕಡಲ ಪ್ರವಾಸಕ್ಕೂ ಆ ಮೂರನ್ನೇ ವಿಚಾರಿಸತಕ್ಕದ್ದು.

ಮೊದಲು ಕಾಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ದೆಸೆಯಿಂದ ಪಡುಗಡಲು ಕುದಿಯುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೇ ನಿಷೇಧವುಂಟು. ಬೆಸ್ತರೇ ದಡದಲ್ಲಿರುವಾಗ ನಮಗೆ ಅಲ್ಲೇನು ಕೆಲಸ? ಮಳೆ ಕಳೆದು ನೀರು ತಿಳಿಯಾದ ಬಳಿಕ, ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವಧಿ ಪ್ರಶಸ್ತವಾದುದು. ಮೂಡುಗಡಲಿನ ಲೆಕ್ಕವೇ ಬೇರೆ. ಅಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತವೂ ಚಂಡಮಾರುತಗಳೂ ಬಾಧಿಸುವುವು. ಚಿಂತಾಮಣಿಯವರಿಗೆ ಚೆನ್ನೈ, ಪುದುಚೇರಿಗಳೇ ಸಮೀಪವೆಂದು ತೋರಬಹುದು. ಪುದುಚೇರಿಯಲ್ಲಿ ಮುಳುಗು ಕಲಿಸುವವರೂ ಇರುವರು. ಆದರೆ ದಸರಾ, ದೀಪಾವಳಿಯ ರಜೆಗೆ ಆ ಕರಾವಳಿಯನ್ನು ನೆಚ್ಚುವಂತಿಲ್ಲ. ಚೆನ್ನೈಯ ಮರೀನಾ ತೀರದ ಸೆಳವಂತೂ ಬಲು ಅಪಾಯಕರವಾದುದು. ಅಲ್ಲಿ ಗಾಳಿಸೇವನೆ ಮಾಡಬಹುದಲ್ಲದೆ ನೀರಿಗಿಳಿಯಕೂಡದು. ಇನ್ನು ಶಿಡ್ಲಘಟ್ಟದ ರೇಷ್ಮೆ ಮನೆತನಗಳು ಬೇರೊಂದು ಪಂಚಾಂಗವನ್ನೂ ನೋಡಬೇಕಷ್ಟೆ. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿ, ಗೂಡು ಮಾರುಕಟ್ಟೆಯನ್ನು ಸೇರಿದ ಮೇಲೆ, ಮುಂದಿನ ಚಾಕಿ ಮನೆಗೆ ಬರುವುದರೊಳಗಾಗಿ ಹೋಗಿಬರುವುದೇ ಅವರಿಗೆ ಲೇಸು.

ಎರಡನೆಯದು ದೇಶ, ಎಂದರೆ ಸ್ಥಳ. ಕರ್ನಾಟಕದ ಕರಾವಳಿಯಲ್ಲಿ ಒಂದೊಂದು ತೀರಕ್ಕೂ ಒಂದೊಂದು ಗುಣವಿದೆ. ಚಿಕ್ಕಮಕ್ಕಳೂ ವೃದ್ಧರೂ ಜೊತೆಯಲ್ಲಿದ್ದರೆ ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಬಳಿಯ ಕಾಸರಕೋಡು ಇವೆರಡನ್ನು ಮೊದಲು ನೆನೆಯಬೇಕು. ನೀರಿನ ನಿರ್ಮಲತೆ, ಶೌಚದ ಏರ್ಪಾಡು, ಜೀವರಕ್ಷಕರ ಕಾವಲು ಮುಂತಾದ 33 ಅಂಶಗಳನ್ನು ಪರೀಕ್ಷಿಸಿ ಕೊಡುವ ನೀಲಿಧ್ವಜದ ಮನ್ನಣೆಯನ್ನು 2020ರಲ್ಲಿ ಇವು ಪಡೆದುವು. ಶಿಲೆಗಳ ವಿಚಾರದಲ್ಲಿ ಕುತೂಹಲವುಳ್ಳವರು ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿಬಂದ ಲಾವಾರಸವು ತಣಿದು ಕಂಬ ಕಂಬವಾಗಿ ನಿಂತಿರುವುದನ್ನು ಅಲ್ಲಿ ಕಾಣಬಹುದು. ನೋಡಲು ರಮ್ಯವಾದ ಈ ದ್ವೀಪದ ಬಂಡೆಗಳು ಸ್ನಾನಕ್ಕೆ ತಕ್ಕವಲ್ಲ. ಏಕಾಂತಪ್ರಿಯರಿಗೆ ಕಾರವಾರವುಂಟು. ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಬಳಿಗೆ ಬಂದಿದ್ದ ರವೀಂದ್ರನಾಥ ಠಾಕೂರರು ತಮ್ಮ ತಾರುಣ್ಯದಲ್ಲಿ ನಾಟಕವೊಂದನ್ನು ರಚಿಸಿದರು. ಆ ತೀರವು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಮುಳುಗುವ ಹಂಬಲವುಳ್ಳವರಿಗಾದರೋ ನಮ್ಮ ರಾಜ್ಯದಲ್ಲಿ ಮುಖ್ಯವಾದ ಸ್ಥಳ ಮುರುಡೇಶ್ವರವೇ. ಅಲ್ಲಿಂದ ಸುಮಾರು 19 ಕಿಲೋಮೀಟರು ಕಡಲೊಳಗೆ ನೇತ್ರಾಣಿಯೆಂಬ ನಿರ್ಜನ ದ್ವೀಪವಿದೆ. ಪಾರಿವಾಳಗಳ ದೆಸೆಯಿಂದ ಅದಕ್ಕೆ ಪಾರಿವಾಳದ ದ್ವೀಪವೆಂಬ ಹೆಸರೂ ಬಂದಿದೆ. ಅದರ ಬುಡದ ಬಂಡೆಗಳಲ್ಲಿ ಹವಳವೂ ಬಣ್ಣಬಣ್ಣದ ಮೀನುಗಳೂ ಕಾಣುವುವು. ಅದೃಷ್ಟವಿದ್ದರೆ ಕಡಲಾಮೆಯೂ ಕಂಡೀತು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದಂದಿನಿಂದ ಈ ಊರಿನ ಪ್ರಯಾಣ ಸುಲಭವಾಗಿದೆ. ಬೆಂಗಳೂರಿನಲ್ಲಿ ರೈಲು ಹತ್ತಿದರೆ ಮುರುಡೇಶ್ವರದ ನಿಲ್ದಾಣದಲ್ಲೇ ಇಳಿಯಬಹುದು. ಮುಳುಗಲೊಲ್ಲದ ಮನೆಯ ಹಿರಿಯರಿಗೆ ಕಂದುಕಗಿರಿಯ ದೇವಾಲಯವೂ 123 ಅಡಿಯ ಶಿವನ ವಿಗ್ರಹವೂ ಇದ್ದೇ ಇವೆ. ಲಕ್ಷದ್ವೀಪ, ಅಂಡಮಾನುಗಳ ಹವಳ ಇದಕ್ಕಿಂತ ಸಮೃದ್ಧವೆಂಬುದು ನಿಜ. ಆದರೆ ಅಲ್ಲಿಗೆ ವೆಚ್ಚವೂ ಹೆಚ್ಚು, ಲಕ್ಷದ್ವೀಪಕ್ಕೆ ಸರ್ಕಾರದ ಅನುಮತಿಪತ್ರವೂ ಬೇಕು. ಮೊದಲ ಮುಳುಗಿಗೆ ನೇತ್ರಾಣಿಯೇ ಸಾಕು.

ಮೂರನೆಯದು ಪಾತ್ರ. ಯಾರು ಮುಳುಗಬಹುದು, ಯಾರು ಮುಳುಗಕೂಡದು ಎಂಬುದನ್ನು ತಿಳಿಯಲು ನೀರಿನ ಭಾರದ ಪರಿಜ್ಞಾನವಿರಬೇಕು. ಬರಿದಾದ ತಂಬಿಗೆಯನ್ನು ಬೋರಲಾಗಿ ನೀರಿನಲ್ಲಿ ಅದ್ದಿ ಕೆಳಕ್ಕೆ ಒಯ್ದರೆ ಒಳಗಿನ ಗಾಳಿ ಕುಗ್ಗುತ್ತಾ ಹೋಗುತ್ತದೆ. ಹತ್ತು ಮೀಟರು ಆಳದಲ್ಲಿ ಒತ್ತಡವು ಇಮ್ಮಡಿಯಾಗಿ, ಗಾಳಿ ಅರ್ಧಕ್ಕಿಳಿಯುತ್ತದೆ. ಮೇಲಕ್ಕೆ ತಂದರೆ ಅದೇ ಗಾಳಿ ಮತ್ತೆ ಹಿಗ್ಗುತ್ತದೆ. ನಮ್ಮ ಕಿವಿ, ಮೂಗು, ಶ್ವಾಸಕೋಶಗಳೂ ಅಂಥ ತಂಬಿಗೆಗಳೇ. ಆದುದರಿಂದಲೇ ಇಳಿಯುವಾಗ ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯನ್ನು ತೆರವು ಮಾಡಿಕೊಳ್ಳಬೇಕು. ಆಳದಲ್ಲಿ ಎಂದೆಂದಿಗೂ ಉಸಿರು ಬಿಗಿಹಿಡಿಯಕೂಡದು. ಬಿಗಿಹಿಡಿದು ಮೇಲೆ ಬಂದರೆ ಹಿಗ್ಗಿದ ಗಾಳಿಯಿಂದ ಶ್ವಾಸಕೋಶವೇ ಬಿರಿದೀತು. ಹತ್ತು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ನೆಗಡಿಯಿಂದ ಮೂಗು ಕಟ್ಟಿದವರು ಇವರಿಗೆ ಮುಳುಗು ಸಲ್ಲದು. ಉಬ್ಬಸ, ಹೃದ್ರೋಗ, ಕಿವಿಸೋರಿಕೆಗಳುಳ್ಳವರು ವೈದ್ಯರನ್ನು ಕೇಳದೆ ಹೊರಡಬಾರದು. ಮುಳುಗಿಸುವವರು ಕೊಡುವ ಆರೋಗ್ಯದ ಪತ್ರದಲ್ಲಿ ನಾಚಿಕೆಯಿಂದ ಸುಳ್ಳು ಬರೆಯುವುದು ತನಗೆ ತಾನೇ ದ್ರೋಹ ಮಾಡಿಕೊಂಡಂತೆ. ಮುಳುಗಿದ ಬಳಿಕ 12ರಿಂದ 18 ಗಂಟೆಗಳವರೆಗೆ ವಿಮಾನವನ್ನೇರಬಾರದೆಂಬ ನಿಯಮವಿದೆ. ನಮ್ಮ ಊರುಗಳೂ ಕಡಲಮಟ್ಟದಿಂದ ಬಹಳ ಎತ್ತರದಲ್ಲಿರುವುದರಿಂದ ಅದೇ ಸಂಜೆ ಕಾರಿನಲ್ಲಿ ಘಟ್ಟವನ್ನು ಹತ್ತುವ ಬದಲು ಒಂದು ರಾತ್ರಿ ತೀರದಲ್ಲೇ ತಂಗುವುದು ವಿವೇಕ.

ಮುಳುಗದೆ ದಡದಲ್ಲಿ ಆಡುವವರಿಗೇ ಅಪಾಯ ಹೆಚ್ಚು. ಮುಳುಗುವವನ ಪಕ್ಕದಲ್ಲಿ ಬಲ್ಲವನೊಬ್ಬನಿರುತ್ತಾನೆ. ಅಲೆಯಲ್ಲಿ ಆಡುವ ಹುಡುಗನ ಪಕ್ಕದಲ್ಲಿ ಅವನಷ್ಟೇ ಅರಿಯದ ಗೆಳೆಯನಿರುತ್ತಾನೆ. ಅಲೆಗಳು ದಡಕ್ಕೆ ತಂದ ನೀರು ಎಲ್ಲಿಯೋ ಒಂದೆಡೆ ಕಾಲುವೆಯಂತೆ ಹಿಂದಕ್ಕೆ ಹರಿಯಲೇಬೇಕು. ಇದೇ ಸೆಳವು. ಅಲ್ಲಿ ಅಲೆಯೊಡೆಯದೆ ನೀರು ಶಾಂತವಾಗಿ ಕಾಣುವುದರಿಂದ ಅರಿಯದವರು ಆ ಜಾಗವನ್ನೇ ಆರಿಸಿಕೊಳ್ಳುತ್ತಾರೆ. ಸೆಳವಿಗೆ ಸಿಕ್ಕವನು ಅದಕ್ಕೆದುರಾಗಿ ದಡದತ್ತ ಈಜಿದರೆ ಸೋಲುವನು. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿದರೆ ಅದರಿಂದ ಪಾರಾಗುವನು. ಈಜು ಬಾರದವನು ಬೆನ್ನ ಮೇಲೆ ತೇಲುತ್ತಾ ಕೈಯೆತ್ತಿ ಕರೆಯಬೇಕು. ದಡದಲ್ಲಿರುವವರು ಕರುಣೆಯಿಂದ ನೀರಿಗೆ ಹಾರದೆ ಹಗ್ಗವನ್ನೋ ಬರಿದಾದ ಕ್ಯಾನನ್ನೋ ಎಸೆದು ಜೀವರಕ್ಷಕರನ್ನು ಕೂಗತಕ್ಕದ್ದು. ಕೆಂಪು ಬಾವುಟ ಹಾರುತ್ತಿದ್ದರೆ ಪಾದವನ್ನೂ ನನೆಸಬೇಡಿ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳು ಹೆಚ್ಚೆಂಬುದನ್ನೂ ಮರೆಯದಿರಿ.

ಆದಕಾರಣ ನನ್ನ ಸೂಚನೆಯಿಷ್ಟೆ. ಜನವರಿಯಲ್ಲಿ ಹೋಗುವುದಾದರೆ ಈ ತಿಂಗಳೇ ಮಕ್ಕಳನ್ನು ಸಮೀಪದ ಈಜುಕೊಳಕ್ಕೆ ಸೇರಿಸಿರಿ. ಮೂರು ದಿನದ ಪ್ರವಾಸವಾದರೆ ಒಂದು ದಿನ ಕಾಸರಕೋಡಿನ ಮರಳಿಗೂ ಒಂದು ದಿನ ನೇತ್ರಾಣಿಗೂ ಕೊಟ್ಟು, ಮೂರನೆಯ ದಿನವನ್ನು ವಿಶ್ರಾಂತಿಗೆ ಮೀಸಲಿಡಿ. ದೋಣಿಯೇರುವ ಬೆಳಗ್ಗೆ ಎಣ್ಣೆಯ ತಿಂಡಿ ಬೇಡ, ಎರಡು ಇಡ್ಲಿ ಸಾಕು. ಲೈಫ್ ಜಾಕೆಟ್ಟಿಲ್ಲದ ದೋಣಿಯನ್ನು ಹತ್ತಬೇಡಿ. ದುಡ್ಡು ಕೊಟ್ಟಾಗಿದ್ದರೂ ಹಿಂದಿರುಗಿರಿ. ಸಮುದ್ರಕ್ಕೆ ರತ್ನಾಕರವೆಂಬ ಹೆಸರಿದ್ದರೂ ನಮ್ಮ ರತ್ನಗಳು ನಮ್ಮ ಮನೆಯಲ್ಲೇ ಇವೆ. ಅವನ್ನು ಜೋಪಾನವಾಗಿ ಕರೆದೊಯ್ದು, ಜೋಪಾನವಾಗಿ ಕರೆತನ್ನಿರಿ.